ಕ್ರಯದ ಹೆಸರಿನಲ್ಲಿ ಬಾಡಿಗೆ

ಅಂಗಡಿಯವನು ಬಾಯಲ್ಲಿ ಹೇಳುವುದೊಂದು, ಪತ್ರದಲ್ಲಿ ಬರೆಯುವುದೊಂದು ಆದರೆ ಅದನ್ನು ವ್ಯಾಪಾರವೆಂದು ಕರೆಯಲು ಯಾವ ನೀತಿಶಾಸ್ತ್ರವೂ ಒಪ್ಪುವುದಿಲ್ಲ. ಆದರೂ ಇಂದು ಜಗತ್ತಿನ ಅತಿ ದೊಡ್ಡ ಅಂಗಡಿಗಳಲ್ಲಿ ಕೆಲವು ಇದೇ ಕ್ರಮದಿಂದ ನಡೆಯುತ್ತಿವೆ. ಅವುಗಳ ಗಿರಾಕಿಗಳು ದೂರದಲ್ಲಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬಂಗಾರಪೇಟೆಗಳ ಮನೆಗಳಲ್ಲಿಯೇ ಇದ್ದಾರೆ. ಗಣಕಯಂತ್ರದ ಮೇಲೆ ಆಡುವ ಆಟಗಳನ್ನು ಅಂತರ್ಜಾಲದ ಮೂಲಕ ವಿತರಿಸುವ ಈ ಅಂಗಡಿಗಳಿಗೆ ಕಪಾಟಿಲ್ಲ, ತಕ್ಕಡಿಯಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮನುಷ್ಯನಿಲ್ಲ. 'ಖರೀದಿಸಿ' ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿ ಐನೂರೋ ಎರಡು ಸಾವಿರವೋ ರೂಪಾಯಿಗಳನ್ನು ಸಂದಾಯ ಮಾಡಿದ ಹುಡುಗನು ತಾನೊಂದು ವಸ್ತುವನ್ನು ಕೊಂಡೆನೆಂದು ತಿಳಿಯುತ್ತಾನೆ. ಯಾರ ಖಾತೆಯಿಂದ ಹಣ ಹೋಯಿತೋ ಆ ತಂದೆಯೂ ಹಾಗೆಯೇ ತಿಳಿಯುತ್ತಾನೆ. ಕರಾರುಪತ್ರ ಮಾತ್ರ ಬೇರೆಯದನ್ನೇ ಹೇಳುತ್ತದೆ. ಅದರ ಪ್ರಕಾರ ಏನೂ ಮಾರಾಟವಾಗಿಲ್ಲ. ಆಡಲು ಅಪ್ಪಣೆ ಕೊಡಲಾಗಿದೆ, ಅಷ್ಟೇ.

ಮಕ್ಕಳ ಆಟದ ಗೊಡವೆ ನೀತಿವಿಚಾರದ ಪತ್ರಿಕೆಗೇಕೆ ಎಂದು ಹಿರಿಯರಲ್ಲಿ ಕೆಲವರು ಹುಬ್ಬೇರಿಸಬಹುದು. ಇದು ಹಣ ಕಟ್ಟಿ ಆಡುವ ಜೂಜಿನ ವಿಷಯವಲ್ಲ. ಸಪ್ತವ್ಯಸನಗಳಲ್ಲಿ ಒಂದಾದ ದ್ಯೂತದ ಬಗ್ಗೆ ಶ್ರಾವಕರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025 ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಪುಸ್ತಕವನ್ನೋ ಧ್ವನಿಸುರುಳಿಯನ್ನೋ ಕೊಂಡಂತೆ ನಿಗದಿಯಾದ ಬೆಲೆ ತೆತ್ತು ಕೊಳ್ಳುವ ಆಟಗಳನ್ನು. ಅವು ಒಳ್ಳೆಯವೋ ಕೆಟ್ಟವೋ, ಮಕ್ಕಳು ಎಷ್ಟು ಹೊತ್ತು ಆಡಬೇಕು ಎಂಬುದು ಮನೆಮನೆಯ ವಿಚಾರ. ಆದರೆ ಆಟಕ್ಕೆ ಅನ್ವಯಿಸುವ ಕರಾರೇ ಇಂದು ಗ್ರಂಥಗಳಿಗೂ ಸಂಗೀತಕ್ಕೂ ಅಂಗಡಿಯ ಲೆಕ್ಕ ಬರೆಯುವ ತಂತ್ರಾಂಶಕ್ಕೂ ಅನ್ವಯಿಸುತ್ತಿದೆ. ಹುಡುಗನ ಆಟ ಹೋದ ದಾರಿಯಲ್ಲಿಯೇ ಬಸದಿಯ ಗ್ರಂಥಭಂಡಾರವೂ ಹೋಗಬಹುದು.

ಈ ಪದ್ಧತಿಯ ಮೂಲವನ್ನು ಸ್ವಲ್ಪ ನೋಡಬೇಕು. ಅಮೆರಿಕದ ವಾಲ್ವ್ ಎಂಬ ಸಂಸ್ಥೆ 2003 ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಎಂಬ ವಿತರಣಾ ಕೇಂದ್ರವನ್ನು ತೆರೆಯಿತು. ಮರುವರ್ಷ ಆ ಸಂಸ್ಥೆಯ 'ಹಾಫ್ ಲೈಫ್ 2' ಎಂಬ ಆಟ ಹೊರಬಂದಾಗ, ಅಂಗಡಿಯಲ್ಲಿ ತಟ್ಟೆಯನ್ನೇ ಕೊಂಡವರೂ ಸ್ಟೀಮಿನಲ್ಲಿ ಖಾತೆ ತೆರೆದು ಅನುಮತಿ ಪಡೆಯದೆ ಆಡುವಂತಿರಲಿಲ್ಲ. ತಟ್ಟೆ ಕೈಯಲ್ಲಿದ್ದರೂ ಬೀಗದಕೈ ಮತ್ತೊಬ್ಬನ ಸೊಂಟದಲ್ಲಿತ್ತು. ಅಲ್ಲಿಯ ತನಕ ಆಡಿ ಮುಗಿಸಿದ ತಟ್ಟೆಯನ್ನು ತಮ್ಮನಿಗೆ ಕೊಡಬಹುದಾಗಿತ್ತು, ಗೆಳೆಯನಿಗೆ ಅರ್ಧ ಬೆಲೆಗೆ ಮಾರಬಹುದಾಗಿತ್ತು. ಖಾತೆಗೆ ಅಂಟಿಕೊಂಡ ಆಟವನ್ನು ಹಾಗೆ ಮಾಡುವಂತಿಲ್ಲ. ಖಾತೆಯನ್ನು ಮಾರಲೂ ಇನ್ನೊಬ್ಬರಿಗೆ ವರ್ಗಾಯಿಸಲೂ ಕರಾರು ಬಿಡುವುದಿಲ್ಲ. ಇಂದು ಇದೇ ಕೇಂದ್ರದಲ್ಲಿ ಏಕಕಾಲಕ್ಕೆ 4 ಕೋಟಿಗೂ ಮಿಕ್ಕಿ ಜನ ಸೇರಿದ ದಿನಗಳುಂಟು. 2015 ರಿಂದ ಭಾರತದ ಗಿರಾಕಿಗೆ ರೂಪಾಯಿಯಲ್ಲಿಯೇ ಬೆಲೆ ತೋರಿಸುತ್ತಾರೆ. ಆಟ ತಯಾರಿಸಿದವರಿಂದ ಇವರು ಸಾಮಾನ್ಯವಾಗಿ ಹಿಡಿದುಕೊಳ್ಳುವ ದಲ್ಲಾಳಿ ನೂರಕ್ಕೆ 30. ಬಂಗಾರಪೇಟೆಯ ಮಂಡಿಯಲ್ಲಿ ಯಾವ ದಲ್ಲಾಳಿಯೂ ಕನಸಿನಲ್ಲಿ ಕೂಡ ಕೇಳಲಾರದ ದರ!

ಸ್ಟೀಮ್ ಈ ವರ್ಗದಲ್ಲಿ ಅಷ್ಟೇನೂ ಕೆಟ್ಟ ಅಂಗಡಿಯಲ್ಲವೆಂಬುದನ್ನೂ ಹೇಳಬೇಕು. ಮಾರಾಟದಿಂದ ತೆಗೆದುಹಾಕಿದ ಆಟವನ್ನೂ ಹಿಂದೆ ಕೊಂಡವರು ಸಾಮಾನ್ಯವಾಗಿ ಮತ್ತೆ ಇಳಿಸಿಕೊಳ್ಳಬಹುದು. 2015 ರ ಜೂನ್‌ನಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುವ ಕ್ರಮವೂ ಇದೆ. ಆದರೆ ಈ ಔದಾರ್ಯ ಬಂದ ಕಾಲವನ್ನು ಗಮನಿಸಿ: ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2014 ರ ಆಗಸ್ಟ್‌ನಲ್ಲಿ ಈ ಸಂಸ್ಥೆಯ ಮೇಲೆ ದಾವೆ ಹೂಡಿತ್ತು. ಆ ದಾವೆಯಲ್ಲಿ ಸಂಸ್ಥೆ ಸೋತು, 2016 ರ ಡಿಸೆಂಬರ್‌ನಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡಕ್ಕೆ ಗುರಿಯಾಯಿತು. ಬೇರೆ ದೇಶದ ಕಂಪನಿಯನ್ನು ಏನು ಮಾಡಲಾದೀತು ಎಂದು ಕೈಚೆಲ್ಲುವವರು ಈ ತೀರ್ಪನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಸಂಸ್ಥೆಗಳೂ ಇಷ್ಟು ಮರ್ಯಾದೆಯನ್ನೂ ತೋರುವುದಿಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2014 ರಲ್ಲಿ 'ದಿ ಕ್ರೂ' ಎಂಬ ಕಾರು ಓಡಿಸುವ ಆಟವನ್ನು ಪೂರ್ಣ ಬೆಲೆಗೆ ಮಾರಿತು. ಒಬ್ಬನೇ ಕುಳಿತು ಆಡಿದರೂ ಸಂಸ್ಥೆಯ ಯಂತ್ರಕ್ಕೆ ಸಂಪರ್ಕವಿರಲೇಬೇಕೆಂಬಂತೆ ಅದನ್ನು ರಚಿಸಿದ್ದರು. 2024 ರ ಮಾರ್ಚ್ 31 ರಂದು ಆ ಯಂತ್ರಗಳನ್ನು ನಿಲ್ಲಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಕೆಲವೇ ದಿನಗಳಲ್ಲಿ ಕೊಂಡವರ ಖಾತೆಗಳಿಂದ ಆಟದ ಪರವಾನಗಿಯನ್ನೂ ಕಿತ್ತುಕೊಂಡರು. ಸತ್ತ ಎತ್ತಿನ ಚರ್ಮವನ್ನೂ ಒಡೆಯನಿಗೆ ಬಿಡದಂತಾಯಿತು. ಇದರಿಂದ ರೊಚ್ಚಿಗೆದ್ದವರು ಅದೇ ಏಪ್ರಿಲ್‌ನಲ್ಲಿ ಆರಂಭಿಸಿದ ಚಳವಳಿ ಬೆಳೆದು, ಯೂರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025 ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅವರ ಬೇಡಿಕೆ ಅತಿಯಾದುದಲ್ಲ. ಯಂತ್ರಗಳನ್ನು ಸದಾಕಾಲ ನಡೆಸಿರೆಂದು ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಕೊಂಡವನು ತನ್ನಷ್ಟಕ್ಕೆ ಆಡಿಕೊಳ್ಳುವಂತೆ ಬಿಟ್ಟುಹೋಗಿ ಎನ್ನುತ್ತಿದ್ದಾರೆ.

ಭಾರತದಲ್ಲಿಯೂ ಇಂತಹದು ನಡೆಯದೇ ಇಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ದಿನವೂ ಪ್ರಯಾಣ ಮಾಡುವ ತರುಣರಿಗೆ ಪಬ್‌ಜಿ ಎಂಬ ಹೆಸರು ಅಪರಿಚಿತವಲ್ಲ. ಕೇಂದ್ರ ಸರ್ಕಾರ 2020 ರ ಸೆಪ್ಟೆಂಬರ್ 2 ರಂದು ನಿಷೇಧಿಸಿದ 118 ಚೀನೀ ಸಂಬಂಧದ ಅನ್ವಯಗಳಲ್ಲಿ ಅದರ ಮೊಬೈಲ್ ರೂಪವೂ ಒಂದು. ಅಕ್ಟೋಬರ್ 30 ರಂದು ಅದು ಭಾರತದಲ್ಲಿ ಪೂರ್ತಿ ನಿಂತಿತು. ಹಣ ಕೊಟ್ಟು ಪಡೆದ ಬಣ್ಣದ ಉಡುಪು, ಆಯುಧಗಳ ಅಲಂಕಾರ ಎಲ್ಲವೂ ಪರದೆಯಿಂದ ಮರೆಯಾದವು. ದೇಶದ ಭದ್ರತೆಯ ಕಾರಣವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಮರುವರ್ಷ ಆಟ ಬೇರೆ ಹೆಸರಿನಲ್ಲಿ ಮರಳಿದಾಗ, ಹಳೆಯ ಖಾತೆಯಲ್ಲಿದ್ದುದನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲು ಕಂಪನಿಯವರು ಕೆಲಕಾಲ ಅವಕಾಶ ಕೊಟ್ಟದ್ದೂ ನಿಜ. ಆದರೆ ಅದು ಅವರ ಕೃಪೆ, ಇವರ ಹಕ್ಕಲ್ಲ. ಅವರು ಕೊಡದಿದ್ದರೆ ಕೇಳಲು ಯಾವ ರಸೀದಿಯೂ ಇವರ ಬಳಿ ಇರಲಿಲ್ಲ.

ಕೃಪೆಗೂ ಹಕ್ಕಿಗೂ ಇರುವ ಅಂತರವನ್ನು ಚಿನ್ನದ ಗಣಿಯ ಊರಿಗಿಂತ ಚೆನ್ನಾಗಿ ಬಲ್ಲ ಊರು ಕರ್ನಾಟಕದಲ್ಲಿ ಮತ್ತೊಂದಿರಲಾರದು. 1880 ರಿಂದ ಜಾನ್ ಟೇಲರ್ ಕಂಪನಿಯವರು ಗಣಿಗಳನ್ನು ನಡೆಸಿದರು. 1902 ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. 1972 ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂಗಳ ಲೈನು ಮನೆಗಳಲ್ಲಿ ಅಜ್ಜ ಹುಟ್ಟಿ, ತಂದೆ ದುಡಿದು, ಮಗ ಮದುವೆಯಾದ ಸಂಸಾರಗಳು ಎಷ್ಟೋ ಇವೆ. ಗೋಡೆಗೆ ಸುಣ್ಣ ಬಳಿದವರು, ಮುಂದೆ ಜಗಲಿ ಕಟ್ಟಿಕೊಂಡವರು, ಹಿತ್ತಲಲ್ಲಿ ಗಿಡ ನೆಟ್ಟವರು ಅವರು. ಆದರೂ ಮನೆ ಕಂಪನಿಯದು. 2001 ರ ಫೆಬ್ರವರಿ 28 ರಂದು ಗಣಿ ಮುಚ್ಚಿದಾಗ, ಮೂರು ತಲೆಮಾರು ಬಾಳಿದ ಸೂರಿನ ಮೇಲೆ ತಮಗೇನು ಅಧಿಕಾರವಿದೆ ಎಂಬ ಪ್ರಶ್ನೆ ಒಮ್ಮೆಗೇ ಎದುರಾಯಿತು. ಉದ್ಯೋಗವಿರುವ ತನಕ ಆ ಪ್ರಶ್ನೆ ಯಾರಿಗೂ ತೋಚಿರಲಿಲ್ಲ. ಮನೆಯ ಹಕ್ಕಿಗಾಗಿ ಆ ಕುಟುಂಬಗಳು ಅಲೆದ ಅಲೆದಾಟವನ್ನು ಕಂಡ ಊರಿನವರು, 'ಕಂಪನಿ ಇರುವ ತನಕ ನಿಮ್ಮದೇ' ಎಂಬ ಮಾತಿನ ಬೆಲೆಯನ್ನು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಒಂದು ವ್ಯತ್ಯಾಸವನ್ನೂ ಹೇಳಬೇಕು. ಗಣಿಯ ಕಂಪನಿ ಆ ಮನೆಗಳನ್ನು ಕಾರ್ಮಿಕರಿಗೆ ಮಾರಿದೆನೆಂದು ಹೇಳಿಕೊಂಡಿರಲಿಲ್ಲ; ವಸತಿಗೃಹವೆಂದೇ ಕರೆದಿತ್ತು. ಆಟದ ಅಂಗಡಿಗಳಲ್ಲಿ ಆ ಪ್ರಾಮಾಣಿಕತೆಯೂ ಇಲ್ಲ.

ಈ ಪೇಟೆಗಳ ಗಿರವಿ ಅಂಗಡಿಗಳನ್ನು ನೋಡಿರಿ. ಬಡ್ಡಿ ವ್ಯಾಪಾರಿ ಎಂದು ಕಥೆಗಳಲ್ಲಿ, ಚಲಚಿತ್ರಗಳಲ್ಲಿ ಹೀಯಾಳಿಸಿಕೊಂಡವರು ಈ ಅಂಗಡಿಯವರು. ಅವರ ತಲೆಯ ಮೇಲೆ ಎಷ್ಟು ಕಟ್ಟಳೆಗಳಿವೆ! 1961 ರ ಕರ್ನಾಟಕ ಗಿರವಿದಾರರ ಕಾಯಿದೆಯಂತೆ ಪರವಾನಗಿ ಪಡೆಯಬೇಕು, ಒಡವೆ ಇಟ್ಟವನಿಗೆ ಚೀಟಿ ಕೊಡಬೇಕು, ಲೆಕ್ಕ ಇಡಬೇಕು. ಸಾಲ ತೀರಿಸದವನ ಒಡವೆಯನ್ನು ಮಾರುವ ಮೊದಲು ಅವನಿಗೆ ಯುಕ್ತವಾದ ತಿಳಿವಳಿಕೆ ಕೊಡಬೇಕೆಂದು 1872 ರ ಕರಾರು ಕಾಯಿದೆಯ 176 ನೆಯ ಕಲಮು ಹೇಳುತ್ತದೆ. ಅಂದರೆ ಸಾಲ ಪಡೆದು ಬಾಕಿ ಉಳಿಸಿಕೊಂಡವನ ಒಡವೆಗೆ ಕಾನೂನಿನ ಕಾವಲಿದೆ. ಪೂರ್ಣ ಹಣ ಮುಂಗಡವಾಗಿ ತೆತ್ತು, ಒಂದು ಪೈಸೆಯನ್ನೂ ಬಾಕಿ ಇರಿಸದ ಗಿರಾಕಿಯ ಆಟಕ್ಕೆ ಆ ಕಾವಲಿಲ್ಲ. ಚಿನ್ನದ ಆಭರಣಕ್ಕೆ 2021 ರ ಜೂನ್ 16 ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಒಳಗೆ ಇರುವುದೇನೆಂದು ಮೇಲೆ ಅಚ್ಚಾಗಿರಬೇಕು. ಪೊಟ್ಟಣದಲ್ಲಿ ಮಾರುವ ಬೇಳೆಯ ಮೇಲೂ ನಿವ್ವಳ ತೂಕ ಬರೆದಿರಬೇಕು. 'ಖರೀದಿಸಿ' ಎಂಬ ಗುಂಡಿಯೊಂದಕ್ಕೆ ಮಾತ್ರ ತೂಕವೂ ಇಲ್ಲ, ಅಚ್ಚೂ ಇಲ್ಲ.

ಇದನ್ನು ಕಿರ್ದಿ ಬರೆಯುವವನ ದೃಷ್ಟಿಯಿಂದ ನೋಡಿದರೆ ಮೋಸದ ಬಗೆ ಇನ್ನೂ ಸ್ಪಷ್ಟವಾಗುತ್ತದೆ. 1930 ರ ಸರಕು ಮಾರಾಟ ಕಾಯಿದೆಯಂತೆ ಮಾರಾಟವೆಂದರೆ ಬೆಲೆಗೆ ಪ್ರತಿಯಾಗಿ ಸ್ವಾಮ್ಯ ಕೈಬದಲಾಗುವುದು. ಅದರ 14 ನೆಯ ಕಲಮು ಕೊಂಡವನಿಗೆ ನಿರಾತಂಕ ಅನುಭೋಗದ ಭರವಸೆಯನ್ನೂ ಕೊಡುತ್ತದೆ. ಬಾಡಿಗೆಯಾದರೆ ಅವಧಿ ಬರೆದಿರಬೇಕು. ಇಷ್ಟು ತಿಂಗಳಿಗೆ ಇಷ್ಟು ಎಂದಿರಬೇಕು. ಈ ಅಂಗಡಿಗಳು ಪಡೆಯುವುದು ಮಾರಾಟದ ಬೆಲೆ, ಅದೂ ಒಂದೇ ಕಂತಿನಲ್ಲಿ. ಕೊಡುವುದು ಬಾಡಿಗೆಯ ಹಕ್ಕು, ಅದೂ ಅವಧಿಯಿಲ್ಲದ್ದು. ಗಿರಾಕಿಯು ತನ್ನ ಪುಸ್ತಕದಲ್ಲಿ ಇದನ್ನು ಆಸ್ತಿಯೆಂದು ಬರೆಯಬೇಕೋ ಖರ್ಚೆಂದು ಬರೆಯಬೇಕೋ ಯಾವ ಲೆಕ್ಕಿಗನೂ ನೆಮ್ಮದಿಯಿಂದ ಹೇಳಲಾರನು.

ತೆರಿಗೆಯ ಮುಂದೆ ನಿಂತಾಗ ಮಾತು ಹೇಗೆ ತಿರುಗುತ್ತದೆಂಬುದು ಮತ್ತೂ ಸ್ವಾರಸ್ಯಕರ. ವಿದೇಶೀ ತಂತ್ರಾಂಶ ಸಂಸ್ಥೆಗಳಿಗೆ ಇಲ್ಲಿಂದ ಹೋಗುವ ಹಣ ಕೃತಿಸ್ವಾಮ್ಯದ ರಾಯಧನವೋ, ಪ್ರತಿಯ ಮಾರಾಟದ ಬೆಲೆಯೋ ಎಂಬ ವಿವಾದ ಕರ್ನಾಟಕದಲ್ಲಿಯೇ ವರ್ಷಗಟ್ಟಲೆ ನಡೆಯಿತು. ರಾಯಧನವಾದರೆ ಇಲ್ಲಿ ಆದಾಯ ತೆರಿಗೆ ಮುರಿದುಕೊಳ್ಳಬೇಕು. 2011 ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದು ರಾಯಧನವೆಂದಿತು. 2021 ರ ಮಾರ್ಚ್ 2 ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕರಾರಿನಲ್ಲಿ ಪರವಾನಗಿ ಎಂದಿದ್ದರೂ ಹೆಸರಿಗಿಂತ ವ್ಯವಹಾರದ ತಿರುಳನ್ನು ನೋಡಬೇಕು, ಇಲ್ಲಿ ಆಗಿರುವುದು ಕೃತಿಸ್ವಾಮ್ಯದ ವರ್ಗಾವಣೆಯಲ್ಲ, ಪ್ರತಿಯ ಮಾರಾಟ ಎಂಬುದು ತೀರ್ಪಿನ ಸಾರ. ತಂತ್ರಾಂಶ ಮಾರುವವರ ಪಕ್ಷ ವಾದಿಸಿದ್ದೂ ಅದನ್ನೇ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಹೊರದೇಶದಿಂದ ಅಂತರ್ಜಾಲದ ಮೂಲಕ ಬರುವ ಇಂತಹವನ್ನು ಸೇವೆಯೆಂದು ಎಣಿಸುತ್ತಾರೆ. ಹೀಗೆ ಒಂದೇ ವಸ್ತು ಆದಾಯ ತೆರಿಗೆಯವರ ಮುಂದೆ ಸರಕು, ಮತ್ತೊಂದು ತೆರಿಗೆಯವರ ಮುಂದೆ ಸೇವೆ, ಗುಂಡಿಯ ಮೇಲೆ ಖರೀದಿ, ಕರಾರಿನಲ್ಲಿ ಅಪ್ಪಣೆ. ನಾಲ್ಕು ಮುಖಗಳಲ್ಲಿ ಯಾವುದೂ ಗಿರಾಕಿಯ ಕಡೆಗೆ ತಿರುಗಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖವನ್ನೂ ನ್ಯಾಸಾಪಹಾರವನ್ನೂ ಎಣಿಸಿದ ಆಚಾರ್ಯರು ಇಂತಹ ಪತ್ರವನ್ನು ಕಂಡಿದ್ದರೆ ಎರಡಕ್ಕೂ ಒಂದೇ ಉದಾಹರಣೆ ಸಾಕೆನ್ನುತ್ತಿದ್ದರೋ ಏನೋ.

ಕಂಪನಿಗಳ ಪಕ್ಷದಲ್ಲಿ ಹೇಳುವ ಮಾತುಗಳೂ ಇವೆ. ಕರಾರನ್ನು ಓದಿ ಒಪ್ಪಿಯೇ ಗಿರಾಕಿ ಹಣ ಕೊಟ್ಟನಲ್ಲವೇ ಎಂಬುದು ಮೊದಲನೆಯದು. ಇಂಗ್ಲಿಷಿನಲ್ಲಿ ಹತ್ತಾರು ಪುಟ ಹರಡಿದ, ಒಂದಕ್ಷರ ಬದಲಾಯಿಸಲೂ ಅವಕಾಶವಿಲ್ಲದ ಪತ್ರಕ್ಕೆ 'ಒಪ್ಪಿದೆ' ಎಂದು ಗುರುತು ಹಾಕುವುದು, ಓದು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡದ್ದಕ್ಕಿಂತ ಹೇಗೆ ಭಿನ್ನ? ಹೆಬ್ಬೆಟ್ಟಿನ ಸಾಲಪತ್ರವನ್ನು ತಲೆಮಾರುಗಳಿಂದ ಖಂಡಿಸುತ್ತ ಬಂದ ವಿದ್ಯಾವಂತರೇ ಇದನ್ನು ಸಮರ್ಥಿಸುವುದು ಸೋಜಿಗ. ಯಂತ್ರಗಳನ್ನು ನಡೆಸಲು ಖರ್ಚಿದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಒಬ್ಬನೇ ಆಡುವ ಆಟವನ್ನೂ ಯಂತ್ರಕ್ಕೆ ಕಟ್ಟಿಹಾಕಿದವರು ಯಾರು? ಗಿರಾಕಿ ಕೇಳಿದ್ದನೇ? ಪೋಲೆಂಡಿನಲ್ಲಿ 2008 ರಲ್ಲಿ ಆರಂಭವಾದ ಜಿ.ಓ.ಜಿ. ಎಂಬ ಅಂಗಡಿ ಬೀಗವಿಲ್ಲದ ಪ್ರತಿಯನ್ನೇ ಕೊಡುತ್ತದೆ; ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ಸ್ಥಾಪಿಸಿಕೊಳ್ಳಬಹುದು. ಆ ಅಂಗಡಿ ಇನ್ನೂ ಬಾಗಿಲು ಹಾಕಿಲ್ಲ.

ಮತ್ತೊಂದು ಆಕ್ಷೇಪ ಸಮಾಜದ ಒಳಗಿನಿಂದಲೇ ಬರುತ್ತದೆ. ಅಪರಿಗ್ರಹವನ್ನು ಬೋಧಿಸುವವರು ಸ್ವಾಮ್ಯದ ಹಕ್ಕಿಗಾಗಿ ಏಕೆ ಹೋರಾಡಬೇಕು, ವಸ್ತು ಹೋದರೆ ಮೋಹವೂ ಹೋಯಿತೆಂದು ಸುಮ್ಮನಿರಬಾರದೇ ಎಂಬುದು ಅದರ ತಾತ್ಪರ್ಯ. ಕೇಳಲು ಹಿತವಾಗಿದೆ. ಆದರೆ ಪರಿಗ್ರಹ ಪರಿಮಾಣವ್ರತ ಕೈಗೊಳ್ಳುವವನು ತನ್ನದೆಷ್ಟು ಎಂದು ಎಣಿಸಿ ಗೆರೆ ಎಳೆಯಬೇಕು. ತನ್ನದು ಹೌದೋ ಅಲ್ಲವೋ ಎಂದೇ ತಿಳಿಯದ ವಸ್ತುವನ್ನು ಗೆರೆಯ ಯಾವ ಕಡೆಗೆ ಇಡುವುದು? ತ್ಯಾಗ ಮಾಡಲಿಕ್ಕೂ ವಸ್ತು ತನ್ನದಾಗಿರಬೇಕು. ಇನ್ನೊಬ್ಬರು ಕಸಿದುಕೊಂಡದ್ದನ್ನು ತ್ಯಾಗವೆಂದು ಬರೆದುಕೊಳ್ಳುವುದು ತನ್ನನ್ನೇ ವಂಚಿಸಿಕೊಂಡಂತೆ. ಇದಕ್ಕೆ ತದ್ವಿರುದ್ಧವಾಗಿ, ಅವರು ಮೋಸ ಮಾಡುತ್ತಾರಾದ್ದರಿಂದ ಕಳ್ಳಪ್ರತಿ ಇಳಿಸಿಕೊಂಡರೆ ತಪ್ಪಿಲ್ಲ ಎನ್ನುವ ತರುಣರಿದ್ದಾರೆ. ತಪ್ಪಿದೆ. ಅಂಗಡಿಯವನ ತಕ್ಕಡಿ ಸುಳ್ಳಾದರೆ ಅವನ ಮೇಲೆ ದೂರು ಕೊಡಬಹುದು. ಅವನ ಚೀಲ ಹೊತ್ತೊಯ್ಯುವುದಕ್ಕೆ ಅದು ಅಪ್ಪಣೆಯಲ್ಲ. ಅದೂ ಅಲ್ಲದೆ ಆಟ ರಚಿಸಿದ ಕಸಬಿನವರಲ್ಲಿ ಹೆಚ್ಚಿನವರು ಈ ಕರಾರನ್ನು ಬರೆದವರಲ್ಲ.

ದೇವಾಲಯಗಳ ಟ್ರಸ್ಟುಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಪ್ರತಿ ಅವಳದಾಗಿತ್ತು. ಕೊಟ್ಟ ಮೇಲೆ ಪಡೆದವನದಾಯಿತು. ಇಂದು ವಿದ್ಯುನ್ಮಾನ ಗ್ರಂಥಗಳ ಅಂಗಡಿಯಿಂದ ಒಂದು ಗ್ರಂಥವನ್ನು ತನ್ನ ಖಾತೆಗೆ ಕೊಂಡವನು ಅದನ್ನು ಹಾಗೆ ಶಾಸ್ತ್ರದಾನ ಮಾಡಲಾರನು. 2009 ರ ಜುಲೈನಲ್ಲಿ ಅಮೆಜಾನ್ ಸಂಸ್ಥೆ ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಕೊಂಡವರ ಕೈಯೊಳಗಿನ ಓದುಯಂತ್ರಗಳಿಂದಲೇ ಅಳಿಸಿತು. ಹಣ ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019 ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ಮುಚ್ಚಿಹೋದವು. ಅಲ್ಲಿಯೂ ಹಣ ಮರಳಿತು. ಕೊಂಡ ಗ್ರಂಥದ ಕಡತವನ್ನು ಗಣಕಯಂತ್ರಕ್ಕೆ ಇಳಿಸಿ ತಂತಿಯ ಮೂಲಕ ಓದುಯಂತ್ರಕ್ಕೆ ಹಾಕಿಕೊಳ್ಳುವ ಸೌಕರ್ಯವನ್ನು ಅಮೆಜಾನ್ 2025 ರ ಫೆಬ್ರವರಿ 26 ರಂದು ನಿಲ್ಲಿಸಿತು. ಪಾಠಶಾಲೆಯ ಗ್ರಂಥಗಳಿಗೆ, ಪ್ರವಚನದ ಧ್ವನಿಮುದ್ರಣಗಳಿಗೆ, ಹುಂಡಿಯ ಲೆಕ್ಕದ ತಂತ್ರಾಂಶಕ್ಕೆ ಟ್ರಸ್ಟಿನ ಹಣ ಕೊಡುವ ಮುನ್ನ, ಅಂಗಡಿ ಮುಚ್ಚಿದ ಮರುದಿನವೂ ಇದು ಭಂಡಾರದಲ್ಲಿ ಇರುತ್ತದೆಯೇ ಎಂದು ಟ್ರಸ್ಟಿಗಳು ಲಿಖಿತವಾಗಿ ಕೇಳಬೇಕು. ಭಕ್ತರ ಹಣಕ್ಕೆ ಅವರು ಉತ್ತರದಾಯಿಗಳು. ಆಮೇಲೆ ದೂರು ಕೊಟ್ಟರಾಯಿತೆಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. ಹಳೆಯ ಗ್ರಾಹಕ ಕಾಯಿದೆಯಡಿ ಟ್ರಸ್ಟು ದೂರುದಾರನಾಗಲಾರದೆಂದು 2017 ರಲ್ಲಿ, ಪ್ರತಿಭಾ ಪ್ರತಿಷ್ಠಾನ ಮತ್ತು ಕೆನರಾ ಬ್ಯಾಂಕಿನ ನಡುವಣ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ತೀರ್ಪಿತ್ತಿದೆ. 2019 ರ ಕಾಯಿದೆಯಲ್ಲಿ 'ವ್ಯಕ್ತಿ' ಎಂಬುದರ ವ್ಯಾಖ್ಯೆ ವಿಸ್ತಾರವಾಗಿದೆಯಾದರೂ ಅದನ್ನು ನಂಬಿ ಹಣ ಹಾಕುವುದು ಜಾಣತನವಲ್ಲ.

ಕಾನೂನು ತಿದ್ದುವುದು ಅಸಾಧ್ಯವೇನಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025 ರ ಜನವರಿ 1 ರಿಂದ ಜಾರಿಗೆ ಬಂದ ಕಾಯಿದೆಯಂತೆ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಶಬ್ದವನ್ನು ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಬಳಸಲು ಕೊಡುವವರಿಗೆ ಈ ಬಂಧನವಿಲ್ಲ. ಆ ಕಾಯಿದೆ ಜಾರಿಯಾಗುವ ಮೊದಲೇ, 2024 ರ ಅಕ್ಟೋಬರ್‌ನಲ್ಲಿ, ಸ್ಟೀಮ್ ತನ್ನ ಹಣ ಪಾವತಿಯ ಪುಟದಲ್ಲಿ ಅಂತಹ ಸೂಚನೆಯನ್ನು ಹಾಕಿತು. ಸತ್ಯ ಹೇಳಲು ಸಾಧ್ಯವಿತ್ತು. ಕಾಯಿದೆ ಬರುವ ತನಕ ಹೇಳಲಿಲ್ಲ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023 ರ ನವೆಂಬರ್‌ನಲ್ಲಿ ಅಂತರ್ಜಾಲದ ಅಂಗಡಿಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು 'ಖರೀದಿ' ಗುಂಡಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹದಿನಾಲ್ಕನೆಯದಾಗಿ ಅದನ್ನು ಸೇರಿಸಿರೆಂದು ಕೇಳಲು ವ್ಯಾಪಾರಿಗಳ ಸಂಘಗಳಿಗಿಂತ ಯೋಗ್ಯರು ಯಾರು? ಸುಳ್ಳು ತೂಕದಿಂದ ಮೊದಲು ಕೆಡುವುದು ಸರಿಯಾಗಿ ತೂಗುವವನ ವ್ಯಾಪಾರವೇ.

ಸದ್ಯಕ್ಕೆ ಇರುವ ದಾರಿಯೂ ಇದೆ, ಅದರಲ್ಲಿ ಒಂದು ತೊಡರೂ ಇದೆ. 2019 ರ ಗ್ರಾಹಕ ಸಂರಕ್ಷಣಾ ಕಾಯಿದೆ, ಯುಕ್ತ ಕಾರಣವಿಲ್ಲದೆ ಒಂದು ಪಕ್ಷ ತಾನಾಗಿಯೇ ಕರಾರನ್ನು ಕೊನೆಗೊಳಿಸಬಹುದೆಂಬ ಷರತ್ತನ್ನು ಅನ್ಯಾಯದ ಕರಾರುಗಳಲ್ಲಿ ಎಣಿಸಿದೆ. ಗಿರಾಕಿಯು ತಾನು ವಾಸಿಸುವ ಸ್ಥಳದ ವ್ಯಾಪ್ತಿಯಲ್ಲಿಯೇ ದೂರು ಕೊಡಬಹುದು. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಕೋಲಾರದ ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಜಿಲ್ಲಾ ಆಯೋಗಕ್ಕೆ ಸೇವೆಯ ಕೊರತೆಯ ದೂರು ಕೇಳುವ ಅಧಿಕಾರವಿದೆಯೇ ಹೊರತು, ಕರಾರೇ ಅನ್ಯಾಯವೆಂದು ತೀರ್ಮಾನಿಸುವ ಅಧಿಕಾರವಿಲ್ಲ. ಅದನ್ನು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಮಾತ್ರ ಕೊಟ್ಟಿದ್ದಾರೆ. ಬಂಗಾರಪೇಟೆಯ ಹುಡುಗನೊಬ್ಬ 800 ರೂಪಾಯಿಯ ಆಟಕ್ಕಾಗಿ ಬೆಂಗಳೂರಿನ ರಾಜ್ಯ ಆಯೋಗದ ಮುಂದೆ, ದೊಡ್ಡ ವಕೀಲರನ್ನಿಟ್ಟ ಕಂಪನಿಗೆ ಎದುರಾಗಿ ನಿಲ್ಲಬೇಕು. ಸಂಸದರನ್ನೂ ಶಾಸಕರನ್ನೂ ಸಮಾರಂಭಗಳಿಗೆ ಕರೆದು ಹಾರ ಹಾಕುವ ಸಂಘಗಳು, ಮುಂದಿನ ಬಾರಿ ಹಾರದ ಜೊತೆಗೆ ಈ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೂ ಕೊಡಿಸಿರೆಂಬ ಮನವಿಪತ್ರವನ್ನು ಅವರ ಕೈಗಿಡಲಿ. ಅಲ್ಲಿಯ ತನಕ ಪ್ರತಿಯೊಂದು ಖರೀದಿಯ ರಸೀದಿಯನ್ನೂ ಅಂದಿನ ಕರಾರಿನ ಪ್ರತಿಯನ್ನೂ ಮುದ್ರಿಸಿ ಕಡತದಲ್ಲಿ ಇಡುವುದು ಒಳಿತು. ಕರಾರನ್ನು ಕಂಪನಿ ಯಾವಾಗ ಬದಲಾಯಿಸುತ್ತದೆಂದು ಹೇಳಲಾಗದು.